ಬೆಟ್ಟದಿಂದ ಇಳಿದ ಕರ್ತನು



ಆದಿತ್ಯವಾರಗಳನ್ನು ಬಿಟ್ಟು 40 ದಿನಗಳ ಈ ಲೆಂತ್ ಕಾಲದಲ್ಲಿ ನಾವು ಕರ್ತನ ಶ್ರಮೆಗಳನ್ನು ಧ್ಯಾನಿಸುತ್ತೇವೆ. ಹೀಗಿರುವಲ್ಲಿ ಆತನ ಮುಖವು ಸೂರ್ಯನಂತೆ ಪ್ರಕಾಶಿಸಿದ ವೃತ್ತಾಂತವನ್ನು ಅನೇಕ ಸಭೆಗಳಲ್ಲಿ ಈ ಕಾಲದ ಹೊಸ್ತಿಲಲ್ಲೇ ಓದುವದೇಕೆ?

ಲೂಕನ ಸುವಾರ್ತೆಯ 9ನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ತಾನು ಶ್ರಮೆಪಟ್ಟು ಸಾಯಬೇಕೆಂದು ಕರ್ತನು ಶಿಷ್ಯರಿಗೆ ತಿಳಿಸಿ ಹೆಚ್ಚುಕಡಿಮೆ ಎಂಟು ದಿನಗಳಾಗಿದ್ದವು. ಬೆಟ್ಟದ ಹೆಸರನ್ನು ಲೂಕನು ಹೇಳಲಿಲ್ಲ. ತಾಬೋರೆಂದು ಕೆಲವರೂ ಹೆರ್ಮೋನೆಂದು ಕೆಲವರೂ ಹೇಳುತ್ತಾರೆ. ಆ ವಾದದಿಂದ ನಮಗೆ ಲಾಭವಿಲ್ಲ. ಪ್ರಾರ್ಥಿಸುತ್ತಿರುವಾಗಲೇ ಆತನ ರೂಪವು ಬೇರೆಯಾಯಿತು. ಮೋಶೆಯೂ ಎಲೀಯನೂ ಮಹಿಮೆಯಲ್ಲಿ ಕಾಣಿಸಿಕೊಂಡು, ಯೆರೂಸಲೇಮಿನಲ್ಲಿ ಆತನು ನೆರವೇರಿಸಬೇಕಾಗಿದ್ದ ನಿರ್ಗಮನವನ್ನು ಕುರಿತು ಮಾತಾಡಿದರು. ಇದನ್ನು ತಿಳಿಸಿದವನು ಲೂಕನೊಬ್ಬನೇ. ಅವನು ಬರೆದ ಗ್ರೀಕ್ ಪದವು ಎಕ್ಸೊದೊಸ್. ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಹೊರಟುಬಂದದ್ದಕ್ಕೂ ಅದೇ ಹೆಸರು. ಅವರನ್ನು ನಡಿಸಿಕೊಂಡು ಬಂದ ಮೋಶೆಯೇ ಅಲ್ಲಿ ನಿಂತಿದ್ದನು! ಶಿಲುಬೆಯ ಮಾತು ಆ ಬೆಳಕಿನ ನಡುವೆಯೇ ನಡೆಯಿತು.

ಪೇತ್ರನಿಗಾದರೋ ಇಳಿಯಲು ಮನಸ್ಸಿಲ್ಲ. ಮೂರು ಗುಡಾರಗಳನ್ನು ಕಟ್ಟುವೆವೆಂದನು. ಅವನನ್ನು ನೋಡಿ ನಾವು ನಗಬಾರದು. ಹಬ್ಬದಲ್ಲಿ ಹತ್ತು ಊರುಗಳ ಕ್ರೈಸ್ತರು ಕೂಡಿ ಹಾಡಿದ ಮೇಲೆ, ತನ್ನ ಊರಲ್ಲಿ ಒಂಟಿ ಮನೆಯಾಗಿ ಬಾಳುವವನಿಗೆ ಹಿಂದಿರುಗಲು ಕಾಲು ಏಳುವದಿಲ್ಲ. ಆದರೆ ಮೇಘವು ಕವಿಯಿತು; ಈತನ ಮಾತನ್ನು ಕೇಳಬೇಕೆಂದು ವಾಣಿಯಾಯಿತು; ಯೇಸು ಒಬ್ಬನೇ ಉಳಿದನು.

ಮರುದಿನ ಬೆಟ್ಟದ ಕೆಳಗೆ ಕಾದಿದ್ದವನು ಯಾರು? ಬಿದ್ದು ಒದ್ದಾಡಿ ನೊರೆ ಸುರಿಸುವ ಒಬ್ಬನೇ ಮಗನ ತಂದೆ. ಕೆಳಗೆ ಉಳಿದಿದ್ದ ಶಿಷ್ಯರ ಕೈಯಲ್ಲಿ ಏನೂ ಆಗಿರಲಿಲ್ಲ. "ಕುಲದೇವರನ್ನು ಬಿಟ್ಟಿರಿ, ಅದಕ್ಕೇ ನಿಮ್ಮ ಕೂಸಿಗೆ ಹೀಗಾಯಿತು" ಎಂದು ನೆರೆಯವರು ಚುಚ್ಚುವ ಮಾತನ್ನು ನಮ್ಮ ಸಭೆಗಳಲ್ಲಿಯೂ ತಂದೆತಾಯಿಗಳು ಕೇಳಿದ್ದಾರೆ. ಕೆಲವೊಮ್ಮೆ ಸಭೆಯವರೇ, ನಿಮ್ಮ ವಿಶ್ವಾಸ ಕಡಿಮೆಯೆಂದು ಅದಕ್ಕಿಂತ ಕಠಿನವಾಗಿ ಹೇಳುವದುಂಟು. ಅಂಥವರ ಬಾಗಿಲಿಗೆ ಹೋಗದೆ, ಒಂದು ಹೊತ್ತಿನ ಊಟ ಬಿಟ್ಟು ಲೆಂತ್ ಆಚರಿಸಿದೆವೆಂದು ನಾವು ಎಣಿಸಿಕೊಂಡರೆ, ನಾವೂ ಗುಡಾರ ಕಟ್ಟುವವರೇ. ಆ ತಂದೆಯು ತನ್ನ ಅಪನಂಬಿಕೆಯನ್ನು ಅಳುತ್ತಾ ಒಪ್ಪಿಕೊಂಡನೆಂದು ಮಾರ್ಕನು ಬರೆಯುತ್ತಾನೆ. ಕರ್ತನು ಅವನನ್ನು ತಳ್ಳಿಬಿಡಲಿಲ್ಲ, ಹುಡುಗನನ್ನು ಗುಣಪಡಿಸಿದನು. ರೋಗಿಯಾದ ಮಗುವನ್ನು ಆಸ್ಪತ್ರೆಗೆ ಒಯ್ಯುವವನ ಜೊತೆಯಲ್ಲಿ ನಡೆಯುವದೂ, ರಾತ್ರಿ ಅವನ ಮನೆಯಲ್ಲಿ ಎಚ್ಚರವಾಗಿ ಕೂತಿರುವದೂ ನಮ್ಮ ಉಪವಾಸದೊಳಗೆ ಸೇರಲಿ.

ಬೆಟ್ಟದ ಮೇಲೆ ನಿದ್ದೆಯಿಂದ ಭಾರವಾಗಿದ್ದ ಆ ಮೂವರನ್ನೇ ಕರ್ತನು ಮುಂದೆ ಗೆತ್ಸೇಮನೆಯಲ್ಲಿಯೂ ತನ್ನ ಹತ್ತಿರ ಇಟ್ಟುಕೊಂಡನು. ಪ್ರಕಾಶಿಸಿದ ಆ ಮುಖವು ಅಲ್ಲಿ ನೆಲಕ್ಕೆ ಬೋರಲಾಗಿತ್ತು. ಅಲ್ಲಿಯೂ ಅವರು ನಿದ್ರಿಸಿದರು. ಆದರೂ ಆತನು ಮೂರು ಸಾರಿ ಅವರ ಬಳಿಗೆ ಬಂದನು. ಕಡೆಗೆ ಅವರನ್ನು ಎಬ್ಬಿಸಿ, ತನ್ನೊಡನೆ ಬರುವಂತೆ ಕರೆದನು.