ಏಳುನೂರು ಮಂದಿಯ ಪಾಲು

ಥರ್ಮಾಪಿಲೆ ಕದನದ ಎರಡೂವರೆ ಸಾವಿರ ವರ್ಷಗಳ ನೆನಪಿಗೆಂದು ಗ್ರೀಸ್ ದೇಶ 2020ರಲ್ಲಿ ಎರಡು ಯೂರೊಗಳ ಸ್ಮಾರಕ ನಾಣ್ಯವೊಂದನ್ನು ಹೊರತಂದಿತು. ಅದರ ನಡುವೆ ಇರುವುದು ಪ್ರಾಚೀನ ಗ್ರೀಕ್ ಯೋಧನ ಶಿರಸ್ತ್ರಾಣ. ಅದನ್ನು ತೊಟ್ಟವನ ಮುಖವಿಲ್ಲ. ಯಾರದಿದು ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಹೆಸರು, ಸ್ಪಾರ್ಟಾ. ದೊರೆ ಲಿಯೊನಿಡಾಸ್ ಮತ್ತು ಅವನ 300 ಯೋಧರ ಕಥೆಯನ್ನು ಪುಸ್ತಕಗಳೂ ಸಿನಿಮಾಗಳೂ ಲೋಕಕ್ಕೆಲ್ಲ ಹೇಳಿವೆ.

ಆದರೆ ಅಂದು ಅಲ್ಲಿ ಮಡಿದವರು ಅವರಷ್ಟೇ ಅಲ್ಲ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಜರ್ಕ್ಸಿಸ್‌ನ ಭಾರಿ ಸೈನ್ಯವನ್ನು ಬೆಟ್ಟ ಮತ್ತು ಕಡಲಿನ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಗ್ರೀಕರು ತಡೆದು ನಿಂತಿದ್ದರು. ಎಫಿಯಾಲ್ಟಿಸ್ ಎಂಬಾತ ಬೆಟ್ಟದ ಹಿಂದಿನ ಕಾಲುದಾರಿಯನ್ನು ಶತ್ರುವಿಗೆ ತೋರಿಸಿಕೊಟ್ಟ. ಇನ್ನು ಉಳಿಗಾಲವಿಲ್ಲವೆಂದು ತಿಳಿದಾಗ ಲಿಯೊನಿಡಾಸ್ ಉಳಿದ ಊರುಗಳ ಪಡೆಗಳಲ್ಲಿ ಹೆಚ್ಚಿನವನ್ನು ಹಿಂದಕ್ಕೆ ಕಳಿಸಿದ. ಥೆಸ್ಪಿಯೆ ಎಂಬ ಪುಟ್ಟ ಊರಿನ 700 ಮಂದಿ ಮಾತ್ರ, ತಮ್ಮ ನಾಯಕ ಡೆಮೊಫಿಲಸ್‌ನೊಂದಿಗೆ, ಹೋಗಲೊಪ್ಪದೆ ಅಲ್ಲೇ ನಿಂತು ಪ್ರಾಣಕೊಟ್ಟರು ಎನ್ನುತ್ತಾನೆ ಇತಿಹಾಸಕಾರ ಹೆರೊಡೊಟಸ್. ಸ್ಪಾರ್ಟನ್ನರ ಜೊತೆ ಬಂದಿದ್ದ ಹೆಲಟ್ ಎಂಬ ಜೀತದಾಳುಗಳ ಹೆಣಗಳೂ ಆ ನೆಲದಲ್ಲಿ ಬಿದ್ದಿದ್ದವೆಂದು ಅವನೇ ಬರೆದಿದ್ದಾನೆ.

ಸ್ಪಾರ್ಟನ್ನರು ಬಾಲ್ಯದಿಂದಲೇ ಯುದ್ಧಕ್ಕೆ ಪಳಗಿದವರು. ಥೆಸ್ಪಿಯೆಯವರು ಕರೆ ಬಂದಾಗ ಆಯುಧ ಹಿಡಿಯುವ ಸಾಮಾನ್ಯ ಪೌರರು. ಅವರ ಊರು ಇದ್ದದ್ದೂ ಶತ್ರು ಮುಂದೆ ಸಾಗುವ ಹಾದಿಯ ಬಳಿಯಲ್ಲೇ. ಜರ್ಕ್ಸಿಸ್‌ನ ಸೈನ್ಯ ಅದನ್ನು ಸುಟ್ಟುಹಾಕಿತು. ಜನ ದಕ್ಷಿಣಕ್ಕೆ ಓಡಿ ಜೀವ ಉಳಿಸಿಕೊಂಡರು. ಮರುವರ್ಷ ಪ್ಲಟಾಯಾದ ಯುದ್ಧಕ್ಕೆ ಆ ಊರಿನ 1800 ಮಂದಿ ಮತ್ತೆ ಬಂದರು. ಆಗ ಅವರ ಬಳಿ ಯೋಧರ ಕವಚ, ಗುರಾಣಿಗಳೂ ಇರಲಿಲ್ಲ. ಮುಂದೆ ಆ ಊರು ಹೊರಗಿನವರಿಗೂ ಪೌರತ್ವ ಕೊಟ್ಟು ಸೇರಿಸಿಕೊಳ್ಳಬೇಕಾಯಿತು.

ಥರ್ಮಾಪಿಲೆಯಲ್ಲಿ ಲಿಯೊನಿಡಾಸ್‌ನ ಸ್ಮಾರಕ ಎದ್ದದ್ದು 1955ರಲ್ಲಿ. ಥೆಸ್ಪಿಯೆಯವರಿಗೆ ಅಲ್ಲಿ ಸ್ಮಾರಕ ಸಿಕ್ಕಿದ್ದು 1997ರಲ್ಲಿ. ತಲೆಯಿಲ್ಲದ, ರೆಕ್ಕೆಯುಳ್ಳ ಆ ಪ್ರತಿಮೆ ಹೆಸರು ಉಳಿಯದವರ ತ್ಯಾಗವನ್ನು ಸಾರುತ್ತದೆ.

ಲಿಯೊನಿಡಾಸ್‌ನ ಶೌರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೀರ್ತಿ ಬಲಿಷ್ಠರ ಕಡೆಗೇ ಬೇಗ ವಾಲುತ್ತದೆ. ದೊಡ್ಡ ಹೆಸರಿನ ಜೊತೆ ನಿಂತ ಸಣ್ಣ ಊರಿನವರು, ಅವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಸತ್ತರೂ, ಕಥೆಯ ಅಂಚಿಗೆ ಸರಿಯುತ್ತಾರೆ. ಹೊರಟುಹೋಗಲು ಅನುಮತಿ ಇತ್ತು, ಹೋದರೆ ಯಾರೂ ಹೇಡಿಗಳೆನ್ನುತ್ತಿರಲಿಲ್ಲ. ಹಾಗಿದ್ದೂ ನಿಂತವರ ಧೈರ್ಯಕ್ಕೆ ಒಂದು ಕೈ ಹೆಚ್ಚೇ ತೂಕವಿದೆ. ಸಮಾಜಗಳು ಉಳಿದು ಬಂದಿರುವುದು ಇಂಥವರಿಂದ. ಯಾವುದೇ ಗೆಲುವಿನ, ತ್ಯಾಗದ ಕಥೆ ಕೇಳುವಾಗ ‘ಜೊತೆಗೆ ಇನ್ನಾರಿದ್ದರು?’ ಎಂದು ಕೇಳುವುದನ್ನು ನಾವು ರೂಢಿಸಿಕೊಳ್ಳೋಣ. ಮಕ್ಕಳಿಗೆ ಮುನ್ನೂರರ ಕಥೆ ಹೇಳುವಾಗ ಏಳುನೂರನ್ನೂ ಸೇರಿಸಿ ಹೇಳೋಣ.