ಹೇಳಲಾಗದ್ದನ್ನು ಹಾಡುವ ಹುಡುಗರು

ಹದಿನಾರರ ಮಗ ಊಟದ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿರುತ್ತಾನೆ. ತಾಯಿ 'ಏನಾಯಿತೋ?' ಎನ್ನುತ್ತಾಳೆ, ಅವನು 'ಏನಿಲ್ಲಮ್ಮ' ಎನ್ನುತ್ತಾನೆ. ಸುಳ್ಳು ಹೇಳಬೇಕೆಂಬ ಉದ್ದೇಶ ಅವನಿಗಿಲ್ಲ. ಒಳಗೆ ನಡೆಯುತ್ತಿರುವುದಕ್ಕೆ ಆ ವಯಸ್ಸಿನಲ್ಲಿ ಹೆಸರು ಸಿಕ್ಕಿರುವುದಿಲ್ಲ; ಸಿಕ್ಕಿದ್ದರೂ, ಅದನ್ನು ಬಾಯಿಬಿಟ್ಟು ಹೇಳಿದರೆ ಎದುರಿಗಿರುವವರ ಮುಖ ಹೇಗೆ ಬದಲಾದೀತೋ ಎಂಬ ಅಂಜಿಕೆ ಇರುತ್ತದೆ. ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು ಹದಿನಾಲ್ಕರೊಳಗೇ ತಲೆದೋರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಇಂಥ ತೊಂದರೆ ಇರುವುದನ್ನು ಗುರುತಿಸಿತು. ಅರವತ್ತು ಮಕ್ಕಳ ತರಗತಿಯೊಂದರಲ್ಲಿ ಅದು ಸುಮಾರು ನಾಲ್ವರು. ಆ ನಾಲ್ವರನ್ನು ಕೇಳಿನೋಡಿ, ಬಹುಶಃ ಎಲ್ಲರೂ ಏನಿಲ್ಲವೆಂದೇ ಹೇಳುತ್ತಾರೆ.

ಈ ಮೌನಕ್ಕೆ ನಾವು ಕೊಡುವ ಮದ್ದು ಸಾಮಾನ್ಯವಾಗಿ ಉಪನ್ಯಾಸ. ತಜ್ಞರೊಬ್ಬರು ಶಾಲೆಗೆ ಬಂದು ಖಿನ್ನತೆಯ ಲಕ್ಷಣಗಳನ್ನು ವಿವರಿಸುತ್ತಾರೆ, ಮಕ್ಕಳು ಶಿಸ್ತಾಗಿ ಕೇಳಿಸಿಕೊಳ್ಳುತ್ತಾರೆ, ಕೊನೆಗೆ ಪ್ರಶ್ನೆಗಳಿವೆಯೇ ಎಂದಾಗ ಯಾರೂ ಕೈ ಎತ್ತುವುದಿಲ್ಲ. ಇಂಥ ಉಪನ್ಯಾಸಗಳು ಬೇಡವೆಂದು ನಾನು ಹೇಳುತ್ತಿಲ್ಲ, ಅವು ಇನ್ನೂ ಹೆಚ್ಚು ನಡೆಯಬೇಕು. ಆದರೆ ಸಹಪಾಠಿಗಳ ನಡುವೆ ಕೈ ಎತ್ತಿದರೆ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಟ್ಟಂತಾಗುತ್ತದೆಂಬುದು ಆ ವಯಸ್ಸಿನವರಿಗೆ ಚೆನ್ನಾಗಿ ಗೊತ್ತು. ನಾಟಕ ನೋಡುವ ರಂಗಮಂದಿರದ ಕತ್ತಲು ಯಾರನ್ನೂ ಹಾಗೆ ಎಬ್ಬಿಸಿ ನಿಲ್ಲಿಸುವುದಿಲ್ಲ. ಅಲ್ಲಿ ಅಳು ಬಂದರೆ ಯಾಕೆಂದು ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಅತ್ತದ್ದು ರಂಗದ ಮೇಲಿನವನಿಗಾಗಿಯೋ ತನಗಾಗಿಯೋ ಎಂದು ಕೇಳುವವರೂ ಇಲ್ಲ.

ಆದರೆ ಹಾಡೇ ಏಕೆ ಬೇಕು, ಮಾತಿನ ನಾಟಕ ಸಾಲದೆ? ಮಾತಿನಲ್ಲಿ ಮನುಷ್ಯ ಇನ್ನೊಬ್ಬರನ್ನು ಗಮನದಲ್ಲಿಟ್ಟುಕೊಂಡು ಅಳೆದು ಸುರಿದು ಹೇಳುತ್ತಾನೆ. ಹಾಡಿಗೆ ತೊಡಗಿದಾಗ ಆ ಎಚ್ಚರ ಸಡಿಲವಾಗುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಪಾತ್ರದ ತಳಮಳ ಮೊದಲು ಭಾಗವತರ ಪದದಲ್ಲಿ ಕೇಳಿಸುತ್ತದೆ, ವೇಷಧಾರಿಯ ಅರ್ಥ ಆಮೇಲೆ ಬರುತ್ತದೆ. ಜರ್ಮನಿಯ ಫ್ರಾಂಕ್ ವೆಡೆಕಿಂಡ್ 1891ರಲ್ಲಿ ಶಾಲಾ ಮಕ್ಕಳ ಒಳಗಿನ ಸಂಕಟವನ್ನೇ ವಸ್ತುವಾಗಿಸಿಕೊಂಡು ಬರೆದ ನಾಟಕವೊಂದು 2006ರಲ್ಲಿ 'ಸ್ಪ್ರಿಂಗ್ ಅವೇಕನಿಂಗ್' ಎಂಬ ಸಂಗೀತ ನಾಟಕವಾಗಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂತು. ಅದರಲ್ಲಿ ಹತ್ತೊಂಬತ್ತನೆಯ ಶತಮಾನದ ಬಿಗಿಯಾದ ಉಡುಪು ತೊಟ್ಟ ಹುಡುಗರು ಮೇಷ್ಟರ ಮುಂದೆ ತಡವರಿಸುತ್ತ ಉತ್ತರಿಸುತ್ತಾರೆ. ಒಳಗಿನದನ್ನು ಹೇಳುವ ಗಳಿಗೆ ಬಂದಾಗ ಕೋಟಿನೊಳಗಿಂದ ಈ ಕಾಲದ ಮೈಕನ್ನು ತೆಗೆದು ರಾಕ್ ಸಂಗೀತ ಹಾಡುತ್ತಾರೆ. ಮೇಷ್ಟರಿಗೆ ಆ ಹಾಡು ಕೇಳಿಸುವುದಿಲ್ಲ, ನಮಗೆ ಕೇಳಿಸುತ್ತದೆ.

ಹತ್ತು ವರ್ಷಗಳ ನಂತರ, 2016ರ ಡಿಸೆಂಬರಿನಲ್ಲಿ, ಅದೇ ಬ್ರಾಡ್‌ವೇಗೆ ಬಂದ 'ಡಿಯರ್ ಇವಾನ್ ಹ್ಯಾನ್ಸೆನ್' ಈ ಕೇಳಿಸಿಕೊಳ್ಳುವಿಕೆಯನ್ನು ಇನ್ನಷ್ಟು ಕಠಿಣವಾದ ಪರೀಕ್ಷೆಗೆ ಒಡ್ಡಿತು. ಇವಾನ್ ಜನರೆಂದರೆ ಅಂಗೈ ಬೆವರುವ ಹುಡುಗ. ದಿನವೂ ತನಗೆ ತಾನೇ ಧೈರ್ಯದ ಪತ್ರ ಬರೆದುಕೊಳ್ಳಬೇಕೆಂದು ಆಪ್ತಸಲಹೆಗಾರರು ಹೇಳಿರುತ್ತಾರೆ. ಅಂಥದೊಂದು ಪತ್ರ ಕಾನರ್ ಎಂಬ ಸಿಡುಕಿನ ಸಹಪಾಠಿಯ ಕೈಸೇರುತ್ತದೆ. ಕೆಲವೇ ದಿನಗಳಲ್ಲಿ ಕಾನರ್ ತನ್ನ ಜೀವವನ್ನು ತಾನೇ ಕಳೆದುಕೊಳ್ಳುತ್ತಾನೆ. ಅವನ ಬಳಿಯಿದ್ದ ಪತ್ರವನ್ನು ನೋಡಿದ ತಂದೆತಾಯಿ, ತಮ್ಮ ಮಗನಿಗೂ ಒಬ್ಬ ಗೆಳೆಯನಿದ್ದ ಎಂದುಕೊಳ್ಳುತ್ತಾರೆ. ಇವಾನ್ ಇಲ್ಲವೆನ್ನಲಾರದೆ ಹೋಗುತ್ತಾನೆ. ಇಲ್ಲದ ಗೆಳೆತನವೊಂದನ್ನು ಕಟ್ಟುತ್ತ ಹೋಗುತ್ತಾನೆ, ಜೀವಮಾನದಲ್ಲಿ ಮೊದಲ ಬಾರಿಗೆ ಜನ ಅವನ ಮಾತಿಗೆ ಕಿವಿಗೊಡುತ್ತಾರೆ. ಗೀತೆಗಳ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಬೆಂಜ್ ಪಾಸೆಕ್ ಓದುತ್ತಿದ್ದ ಪ್ರೌಢಶಾಲೆಯಲ್ಲಿ ಹುಡುಗನೊಬ್ಬ ತೀರಿಕೊಂಡಾಗ, ಅವನನ್ನು ಸರಿಯಾಗಿ ಅರಿಯದವರೂ ಆಪ್ತರೆಂದು ಹೇಳಿಕೊಂಡದ್ದೇ ಈ ಕಥೆಯ ಬೀಜ. ಬದುಕಿದ್ದಾಗ ಪಕ್ಕದಲ್ಲಿ ಕೂರಲೊಲ್ಲದ ನಾವು ಸತ್ತ ಮೇಲೆ ಗೆಳೆಯರಾಗಲು ಏಕೆ ಧಾವಿಸುತ್ತೇವೆ?

ಅತ್ಯುತ್ತಮ ಸಂಗೀತ ನಾಟಕವೂ ಸೇರಿದಂತೆ 2017ರಲ್ಲಿ ಆರು ಟೋನಿ ಪ್ರಶಸ್ತಿಗಳನ್ನು ಪಡೆದ ಈ ನಾಟಕದ ಮೇಲೆ ಆಕ್ಷೇಪಗಳೂ ಬಂದವು. ಇಷ್ಟು ದೊಡ್ಡ ಸುಳ್ಳನ್ನು ಹೇಳಿದ ಹುಡುಗನಿಗೆ ಇಷ್ಟು ಸುಲಭದ ಕ್ಷಮೆಯೇ ಎಂದು ಕೇಳಿದವರಿದ್ದಾರೆ. ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ರಂಗದ ಮೇಲೆ ಕಾನರ್‌ಗೆ ತನ್ನದೇ ಆದ ಒಂದು ಹಾಡೂ ಇಲ್ಲ. ಅವನು ಹಾಡುತ್ತಾನೆ, ಆದರೆ ಹಾಡುವುದು ಇವಾನ್ ಕಲ್ಪಿಸಿಕೊಂಡ ಕಾನರ್. ನಿಜವಾದ ಕಾನರ್‌ಗೆ ಏನನ್ನಿಸಿತ್ತು ಎಂಬುದು ಎರಡೂವರೆ ಗಂಟೆಯ ನಾಟಕದಲ್ಲಿ ಯಾರಿಗೂ ತಿಳಿಯುವುದಿಲ್ಲ. 2021ರ ಚಲನಚಿತ್ರದಲ್ಲಷ್ಟೇ ಅವನ ದನಿಯ ಒಂದು ಗೀತೆಯನ್ನು ಸೇರಿಸಿದರು. ಇದು ನಾಟಕದ ಕೊರತೆಯೆಂದು ಹೇಳಬಹುದು. ಆದರೂ ಎಲ್ಲರ ಒಳಗನ್ನೂ ಕೇಳಿಸಿದ ರಂಗದಲ್ಲಿ ಒಬ್ಬನ ಒಳಗು ಮಾತ್ರ ಮುಚ್ಚಿಯೇ ಉಳಿದದ್ದನ್ನು ಗಮನಿಸುವ ಹುಡುಗಿ, ಮರುದಿನ ತನ್ನ ತರಗತಿಯ ಕೊನೆಯ ಬೆಂಚಿನತ್ತ ಹಿಂದಿನಂತೆಯೇ ನೋಡಲಾರಳು. ಅದೇ ನಾಟಕದಲ್ಲಿ ಕಾನರ್‌ನ ತಂಗಿ ಜೋಯಿ, ತನ್ನನ್ನು ಹೆದರಿಸುತ್ತಿದ್ದ ಅಣ್ಣನಿಗಾಗಿ ಅಳಲಾರೆನೆಂದು ಹಾಡುತ್ತಾಳೆ. ಸಾವಿನ ಮನೆಯಲ್ಲಿ ಇಷ್ಟು ನಿಜ ನುಡಿಯಲು ನಾವು ಮಕ್ಕಳನ್ನು ಬಿಡುವುದಿಲ್ಲ. ಆಡಬಾರದೆಂದು ತಾವು ನುಂಗಿಕೊಂಡದ್ದನ್ನು ಇನ್ನೊಬ್ಬಳು ಸಾವಿರ ಜನರೆದುರು ಹಾಡಿದಾಗ, ಕೇಳುವವರ ಎದೆ ಎಷ್ಟು ಹಗುರಾಗಬಹುದು!

ಇವಾನ್‌ನ ತಾಯಿ ಹೈಡಿ ಗಂಡ ಬಿಟ್ಟುಹೋದವಳು. ಹಗಲು ಆಸ್ಪತ್ರೆಯ ಕೆಲಸ, ರಾತ್ರಿ ತರಗತಿ. ಮಗನ ಜೊತೆ ಕೂರಲು ಅವಳಿಗೆ ಹೊತ್ತೇ ಇಲ್ಲ. ಕೊನೆಗೆ ಮಗ ಬಾಯಿಬಿಟ್ಟಾಗ ಅವಳು ಬುದ್ಧಿ ಹೇಳುವುದಿಲ್ಲ. ಅವನಪ್ಪ ಸಾಮಾನು ತುಂಬಿಕೊಂಡು ಹೋಗಲು ಟ್ರಕ್ ತಂದ ದಿನದ ನೆನಪನ್ನು ಹಾಡುತ್ತಾಳೆ. ಅಮ್ಮನನ್ನು ಕರೆದೊಯ್ಯಲೂ ಇನ್ನೊಂದು ಟ್ರಕ್ ಬರುತ್ತದೆಯೇ ಎಂದು ಆ ರಾತ್ರಿ ಪುಟ್ಟ ಮಗ ಕೇಳಿದ್ದನಂತೆ. ಮಕ್ಕಳ ಪಕ್ಕದ ಕುರ್ಚಿಯಲ್ಲಿ ಕೂತ ತಂದೆತಾಯಿಗೆ ಈ ಹಾಡು ತಲುಪಿಸುವುದನ್ನು ಯಾವ ಪೋಷಕರ ಸಭೆಯೂ ತಲುಪಿಸಲಾರದು. ಮಕ್ಕಳಿಗೂ ಅದು ಒಂದು ಸಂಗತಿಯನ್ನು ತೋರಿಸಿಕೊಡುತ್ತದೆ: ದಣಿದು ಮನೆಗೆ ಬರುವ ಅಮ್ಮನ ಒಳಗೂ ಒಂದು ಹಾಡಿದೆ.

ಇಷ್ಟು ಹೇಳಿದ ಮೇಲೆ ಅಪಾಯದ ಮಾತನ್ನೂ ಆಡಲೇಬೇಕು. ಜರ್ಮನ್ ಸಾಹಿತಿ ಗಯಟೆ 1774ರಲ್ಲಿ, ಕೊನೆಗೆ ತನ್ನ ಜೀವವನ್ನು ತಾನೇ ಕಳೆದುಕೊಳ್ಳುವ ವರ್ದರ್ ಎಂಬ ಯುವಕನ ಕಥೆಯನ್ನು ಪ್ರಕಟಿಸಿದ ಮೇಲೆ ಕೆಲವು ಯುವಕರು ನಾಯಕನ ಅಂತ್ಯವನ್ನೇ ಅನುಕರಿಸಿದರೆಂಬ ಭೀತಿ ಯುರೋಪಿನಲ್ಲಿ ಹರಡಿತು. ಸಾವನ್ನು ಸುಂದರಗೊಳಿಸುವ, ಅದೊಂದೇ ದಾರಿ ಎನ್ನುವ, ವಿಧಾನವನ್ನು ವಿವರಿಸುವ ಕಥನಗಳು ನೊಂದ ಮನಸ್ಸಿಗೆ ನಿಜಕ್ಕೂ ಕೆಡುಕು ಮಾಡಬಲ್ಲವು. ಹಾಗೆಂದು ಈ ವಿಷಯವೇ ಬೇಡವೆನ್ನಬೇಕೆ? ಇದಕ್ಕೆ ಉತ್ತರ ಇನ್ನೊಂದು ಹಾಡಿನ ನಾಟಕದಲ್ಲಿದೆ. ಮೊಟ್ಸಾರ್ಟ್ ಸಂಗೀತ ಸಂಯೋಜಿಸಿದ 'ದಿ ಮ್ಯಾಜಿಕ್ ಫ್ಲೂಟ್' 1791ರ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಮೊದಲು ರಂಗಕ್ಕೆ ಬಂತು. ಅದರ ಹಕ್ಕಿ ಹಿಡಿಯುವವ ಪಾಪಗೆನೋ ಪ್ರಿಯತಮೆ ಸಿಗಲಾರಳೆಂದು ಬದುಕನ್ನೇ ಮುಗಿಸಲು ಹೊರಡುತ್ತಾನೆ. ಆಗ ಮೂವರು ಹುಡುಗರು ಬಂದು ಅವನನ್ನು ತಡೆಯುತ್ತಾರೆ. ಅವನ ಬಳಿಯೇ ಇರುವ ಗಂಟೆಗಳನ್ನು ನುಡಿಸೆಂದು ನೆನಪಿಸುತ್ತಾರೆ. ಅವನು ನುಡಿಸುತ್ತಾನೆ, ಉಳಿಯುತ್ತಾನೆ. ಆಸ್ಟ್ರಿಯಾದ ಪತ್ರಿಕಾ ವರದಿಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾವಿನ ಯೋಚನೆ ಬಂದರೂ ಅದನ್ನು ದಾಟಿ ಬಂದವರ ಕಥೆಗಳಿಗೂ ಆತ್ಮಹತ್ಯೆಗಳ ಇಳಿಕೆಗೂ ಸಂಬಂಧವಿರುವುದನ್ನು ಕಂಡಿತು. ಅದನ್ನು ಪಾಪಗೆನೋ ಪರಿಣಾಮ ಎಂದೇ ಕರೆಯಿತು. ತಡೆಯಲು ಬಂದವರು ಪಂಡಿತರಲ್ಲ, ಮೂವರು ಹುಡುಗರು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಅರವತ್ತರ ತರಗತಿಯಲ್ಲಿ ನೊಂದ ನಾಲ್ವರಿಗೆ ಈ ನಾಟಕಗಳು ಎಷ್ಟು ಬೇಕೋ, ಉಳಿದ ಐವತ್ತಾರು ಮಂದಿಗೆ ಅದಕ್ಕಿಂತ ಹೆಚ್ಚು ಬೇಕು.

ಒಳ್ಳೆಯ ನಾಟಕ ಗುಣಪಡಿಸುತ್ತೇನೆಂದು ಮಾತುಕೊಡುವುದೂ ಇಲ್ಲ. 2010ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ 'ನೆಕ್ಸ್ಟ್ ಟು ನಾರ್ಮಲ್' ಎಂಬ ಸಂಗೀತ ನಾಟಕದಲ್ಲಿ ಬೈಪೋಲಾರ್ ಕಾಯಿಲೆಯ ತಾಯಿ ಡಯಾನಾ ಕೊನೆಗೂ ಪೂರ್ತಿ ಗುಣವಾಗುವುದಿಲ್ಲ. ತಾನು ಹುಟ್ಟುವ ಮೊದಲೇ ತೀರಿಕೊಂಡ ಅಣ್ಣನ ನೆರಳಿನಲ್ಲಿ ಯಾರ ಕಣ್ಣಿಗೂ ಬೀಳದೆ ಬೆಳೆದ ಹದಿನಾರರ ಮಗಳು ನಟಾಲಿಗೆ, ಎಲ್ಲ ಸರಿಹೋಗದಿದ್ದರೂ ಬದುಕಬಹುದು ಎಂಬಷ್ಟು ಬೆಳಕು ಮಾತ್ರ ಸಿಗುತ್ತದೆ. ಮನೆಯನ್ನೆಲ್ಲ ತಾನೇ ಹೊತ್ತಿದ್ದ ತಂದೆ ಕೊನೆಯಲ್ಲಿ ತನಗೂ ಒಬ್ಬ ವೈದ್ಯರು ಬೇಕೆನ್ನುವ ಹಂತಕ್ಕೆ ಬರುತ್ತಾನೆ. ಗಂಡಸು ಅಳಬಾರದೆಂದು ಕೇಳಿ ಬೆಳೆಯುವ ನಮ್ಮ ಹುಡುಗರು ನೋಡಲೇಬೇಕಾದ ದೃಶ್ಯವಿದು.

ನಮ್ಮಲ್ಲಿ ರಂಗಗೀತೆಗೆ ಬರವಿಲ್ಲ, ಬೇಸಿಗೆಯ ಮಕ್ಕಳ ರಂಗಶಿಬಿರಗಳಿಗೂ ಬರವಿಲ್ಲ. ಮೈಸೂರಿನ ರಂಗಾಯಣದ ಚಿನ್ನರ ಮೇಳದಲ್ಲಿ ಹಾಡಿ ಕುಣಿದ ಮಕ್ಕಳು ಎಷ್ಟೋ ಮಂದಿ. ಆದರೆ ಎಸ್ಸೆಸ್ಸೆಲ್ಸಿ ಬಂದೊಡನೆ ಹಾಡು ನಿಲ್ಲುತ್ತದೆ, ಪಿಯುಸಿಯಲ್ಲಿ ನಾಟಕದ ಮಾತೆತ್ತಿದರೆ ಮನೆಯವರು ಗಾಬರಿಯಾಗುತ್ತಾರೆ. ಹೇಳಿಕೊಳ್ಳುವ ದಾರಿ ಅತ್ಯಂತ ಅಗತ್ಯವಾದ ವಯಸ್ಸಿನಲ್ಲೇ ನಾವು ಅದನ್ನು ಮುಚ್ಚಿಬಿಡುತ್ತೇವೆ. ಪಿಯು ಕಾಲೇಜಿನ ಮಕ್ಕಳಿಗಾಗಿ, ಅವರ ಪರೀಕ್ಷೆಯ ಭಯ, ಒಂಟಿತನ, ಮೊಬೈಲಿನ ಹೋಲಿಕೆಗಳ ಸಂಕಟವನ್ನು ಕುರಿತು ನಮ್ಮ ನಾಟಕಕಾರರು ಬರೆಯಲಿ, ನಮ್ಮ ಸಂಗೀತಗಾರರು ರಾಗ ಹಾಕಲಿ. ಆಡಿಸುವ ಮುನ್ನ ಮನೋವೈದ್ಯರೊಬ್ಬರಿಗೆ ತೋರಿಸಲಿ, ಆಟ ಮುಗಿದ ಮೇಲೆ ಮಕ್ಕಳೊಡನೆ ಕೂತು ಮಾತಾಡಲು ಒಬ್ಬರಾದರೂ ಇರಲಿ. ಪೋಷಕರೇ, ನಾಟಕ ನೋಡಿ ಮನೆಗೆ ಬರುವ ದಾರಿಯಲ್ಲಿ ಹೇಗಿತ್ತೆಂದು ಮಕ್ಕಳನ್ನು ಕೇಳಿ, ಆಮೇಲೆ ದಯವಿಟ್ಟು ನೀವು ಸುಮ್ಮನಿದ್ದು ಅವರನ್ನು ಮಾತಾಡಲು ಬಿಡಿ. ಅವರು ಹೇಳಿದ್ದು ನಿಮ್ಮ ಕೈಮೀರಿದ್ದೆನಿಸಿದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಿ. ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಅಲ್ಲಿ ಕೇಳಿಸಿಕೊಳ್ಳುವವರಿದ್ದಾರೆ.