ಜಂಟಿ ಗೋಡೆಯ ಮನೆ

ಮನೆ ಕೊಳ್ಳಲು ಹೊರಟವರು ಹಾಕುವ ಲೆಕ್ಕ ಎಲ್ಲರಿಗೂ ಗೊತ್ತು. ಚದರಡಿಗೆ ಎಷ್ಟು, ಸಾಲ ಎಷ್ಟು ಸಿಗುತ್ತದೆ, ಮೆಟ್ರೋ ಎಷ್ಟು ದೂರ. ಬೆಳಗ್ಗೆ ಬಾಗಿಲು ತೆರೆದರೆ ಎದುರಿಗೆ ಯಾರ ಮುಖ ಕಾಣುತ್ತದೆ ಎಂದು ಕೇಳಿಕೊಳ್ಳುವವರು ಕಡಿಮೆ. ಒಂದೇ ಸೈಟಿನಲ್ಲಿ ಎರಡು ಮೂರು ಸಂಸಾರ ಹಂಚಿಕೊಂಡಿರುವ ಹಳೇ ಮನೆಯಲ್ಲಿ ಒಂದು ಪಾಲು ಕೊಳ್ಳುವವರಿಗೆ ಮಾತ್ರ ಅದೇ ಮೊದಲ ಪ್ರಶ್ನೆಯಾಗಬೇಕು.

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ, ಮೈಸೂರಿನ ಅಗ್ರಹಾರಗಳಲ್ಲಿ ಇಂಥ ಪಾಲುಗಳು ಈಗಲೂ ಮಾರಾಟಕ್ಕೆ ಬರುತ್ತವೆ. 1898ರ ಪ್ಲೇಗಿಗೆ ಹೆದರಿದ ಪೇಟೆಯ ಜನ ಗಾಳಿ ಬೆಳಕು ಹುಡುಕಿಕೊಂಡು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಉದ್ದಗಲದ ಸೈಟಿಗೆ ಒಂದೊಂದೇ ಮನೆ. ಅಜ್ಜ ಕಟ್ಟಿಸಿದ್ದು ಮಕ್ಕಳ ಕಾಲಕ್ಕೆ ಎರಡು ಪಾಲಾಯಿತು, ಮೊಮ್ಮಕ್ಕಳ ಕಾಲಕ್ಕೆ ನಾಲ್ಕು. ನಡುಮನೆಗೆ ಅಡ್ಡಗೋಡೆ ಎದ್ದಿತು. ಬಾವಿ, ಓಣಿ, ಬಚ್ಚಲ ನೀರು ಹೋಗುವ ದಾರಿ ಇವನ್ನು ಯಾರಿಂದಲೂ ಪಾಲು ಮಾಡಲಾಗಲಿಲ್ಲ.

ಅಂಥದೊಂದು ಪಾಲನ್ನು ನೋಡಲು ಗೆಳೆಯನ ಜೊತೆ ಹೋಗಿದ್ದೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ಒಳಗೆ ಕಾಲಿಟ್ಟರೆ ರೆಡ್ ಆಕ್ಸೈಡ್ ನೆಲ ಅಂಗಾಲಿಗೆ ತಣ್ಣಗೆ. ಗಾರೆಯ ದಪ್ಪ ಗೋಡೆ, ಮೇಲೆ ಮರದ ತೊಲೆ ಕೊಟ್ಟ ಮದ್ರಾಸ್ ತಾರಸಿ. ಫ್ಯಾನು ಹಾಕುವ ಮಾತೇ ಇಲ್ಲ. ಗೆಳೆಯ ಅಲ್ಲೇ ಅರ್ಧ ಸೋತ. ಹೊರಗೆ ಬರುವಾಗ ಪಕ್ಕದ ಪಾಲಿನ ಅಜ್ಜಿ ಓಣಿಯಲ್ಲಿ ನಿಂತಿದ್ದರು. "ನಿಮ್ಮದು ಕಾರು ಇದೆಯೇನಪ್ಪಾ?" ಎಂದರು. ಓಣಿಯ ಅಗಲ ನಾಲ್ಕಡಿ. ಅವರ ಮೊಮ್ಮಗನ ಸ್ಕೂಟರು ಅದಾಗಲೇ ಗೋಡೆಗೊರಗಿ ನಿಂತಿತ್ತು. ಅಜ್ಜಿ ಕೇಳಿದ್ದು ಕಾರಿನ ಬಗ್ಗೆಯಷ್ಟೇ ಅಲ್ಲ ಎಂದು ನನಗನ್ನಿಸಿತು. ನೀವು ಬಂದ ಮೇಲೆ ನಾವು ಹೇಗೆ ನಡೆದಾಡಬೇಕು ಎಂಬುದು ಅವರ ಕಳವಳ.

ಗೆಳೆಯನ ಕೈಯಲ್ಲಿದ್ದ ಪತ್ರದ ಚೆಕ್ಕುಬಂದಿಯಲ್ಲಿ ಒಂದು ಸಾಲು: ಪೂರ್ವಕ್ಕೆ, ಜಂಟಿ ಓಣಿ. ಎರಡೇ ಪದ. ಇಂಥ ಮನೆಯ ಸುಖವೂ ಜಗಳವೂ ಹುಟ್ಟುವುದು ಅಲ್ಲೇ. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕಿನಂತೆ ಬಳಸಿದ ದಾರಿಯನ್ನು ಹೊಸದಾಗಿ ಬಂದವರು ಮುಚ್ಚುವಂತಿಲ್ಲ. ಕಿಟಕಿಗೆ ಬರುವ ಬೆಳಕಿಗೂ, ಗೋಡೆಗೆ ಸಿಗುವ ಆಸರೆಗೂ ಅದೇ ನಿಯಮ. ನಿಮ್ಮ ಪಾಲು ಕೆಡವಿದರೆ ಅಜ್ಜಿಯ ಗೋಡೆ ಬೀಳುತ್ತದೆ ಎಂದಾದರೆ, ಕೆಡವುವುದು ನಿಮ್ಮೊಬ್ಬರ ಇಷ್ಟವಾಗಿ ಉಳಿಯುವುದಿಲ್ಲ.

ಅದೇ ವರ್ಷದ ಸ್ವತ್ತು ವರ್ಗಾವಣೆ ಕಾಯಿದೆ ಇನ್ನೂ ಕಟ್ಟುನಿಟ್ಟು. ವಿಭಾಗವಾಗದ ಕುಟುಂಬದ ವಾಸದ ಮನೆಯಲ್ಲಿ ಹೊರಗಿನವರು ಪಾಲು ಕೊಂಡರೆ, ಒಳಗೆ ಹೋಗಿ ಜಂಟಿಯಾಗಿ ವಾಸಿಸುವ ಹಕ್ಕು ಅಷ್ಟರಿಂದಲೇ ಬರುವುದಿಲ್ಲ. ವಿಭಾಗಕ್ಕೆ ದಾವೆ ಹೂಡಿ ಕಾಯಬೇಕು. ದುಡ್ಡು ಕೊಟ್ಟು ಬೀಗದಕೈಗೆ ಕೋರ್ಟು ಅಲೆಯುವುದು ಯಾರಿಗೆ ಬೇಕು? ಹಾಗಾಗಿ ನೋಂದಾಯಿತ ವಿಭಾಗ ಪತ್ರ ಇದೆಯೇ, ಪಾಲಿಗೆ ಪ್ರತ್ಯೇಕ ಖಾತೆ ಆಗಿದೆಯೇ ಎಂಬುದನ್ನು ಕಣ್ಣಾರೆ ಕಾಣಬೇಕು. "ಅಣ್ಣತಮ್ಮಂದಿರು ಒಪ್ಪಿಕೊಂಡಿದ್ದಾರೆ" ಎಂಬ ಮಾತನ್ನು ನಂಬಿ ಮುಂಗಡ ಕೊಡಬಾರದು. ಅಕ್ಕತಂಗಿಯರು ಎಲ್ಲಿ? ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂಬುದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನಾಯಿತು. ಮದುವೆಯಾಗಿ ದೂರದೂರಿನಲ್ಲಿರುವ ತಂಗಿಯ ಸಹಿ ಕಾಗದದಲ್ಲಿ ಇಲ್ಲದಿದ್ದರೆ ಕೊಳ್ಳುವವರ ನಿದ್ದೆಗೇಡು. ಅದಕ್ಕಿಂತ ಹೆಚ್ಚಾಗಿ, ಆಕೆಗೆ ಅನ್ಯಾಯ.

ಇಷ್ಟು ಹೇಳಿದ ಮೇಲೂ ನಾನು ಇಂಥ ಮನೆಯ ಪರ. ಬೆಲೆ ಕಡಿಮೆ ಎಂಬುದು ಒಂದು ಕಾರಣ, ಆದರೆ ರಿಪೇರಿಗೆ ಕೈಹಾಕಿದರೆ ಆ ಉಳಿತಾಯ ಕರಗುತ್ತದೆ. ಗಾರೆ ಕೆಲಸ ಬಲ್ಲ ಮೇಸ್ತ್ರಿ ಸಿಗುವುದೇ ಕಷ್ಟ. ನನಗೆ ಹಿಡಿಸುವುದು ಬೇರೆಯದು. ಮೋಟರು ಹಾಕುವ ಮುಂಚೆ ಪಕ್ಕದವರಿಗೆ ಒಂದು ಮಾತು ಹೇಳಬೇಕು. ತೆಂಗಿನಕಾಯಿ ಕೀಳಿಸಿದ ದಿನ ಅರ್ಧ ಆ ಕಡೆಗೆ ಹೋಗಬೇಕು. ಒಗ್ಗರಣೆಯ ವಾಸನೆ ಬಾರದಿದ್ದರೆ "ಯಾಕಮ್ಮಾ, ಹುಷಾರಿಲ್ವಾ?" ಎಂದು ಯಾರೋ ಬಾಗಿಲು ತಟ್ಟುತ್ತಾರೆ. ಕೆಲವರಿಗೆ ಇದು ಕಿರಿಕಿರಿ, ಒಪ್ಪುತ್ತೇನೆ. ನಮ್ಮ ಮನೆ ನಮ್ಮಿಷ್ಟ ಎನ್ನುವವರನ್ನು ದೂರುವುದಕ್ಕೇನೂ ಇಲ್ಲ.

ಆದ್ದರಿಂದ ಕೆಡವಿ ಮೂರು ಅಂತಸ್ತು ಏರಿಸುವ ಎಣಿಕೆ ಇದ್ದವರು ಇದರ ತಂಟೆಗೆ ಹೋಗದಿರುವುದೇ ಮೇಲು. ಇದ್ದಂತೆಯೇ ಇಟ್ಟುಕೊಂಡು ಬಾಳುತ್ತೇವೆ ಎನ್ನುವವರು ಪತ್ರಗಳನ್ನು ವಕೀಲರಿಗೆ ತೋರಿಸಿ. ಸಹಿ ಹಾಕುವ ಮುಂಚೆ ಪಕ್ಕದ ಪಾಲಿನವರ ಮನೆಗೂ ಒಮ್ಮೆ ಹೋಗಿ, ಕೂತು ಮಾತಾಡಿ ಬನ್ನಿ.